ಚಿಗವ್ವ ಸಾಕಿದ ದಪ್ಪ ಕೋಳಿಗಳು

ಚಿಗವ್ವನ ಬಳೆಗಳು ಒಂದು ಕಡೆ ನಿಂತದ್ದನ್ನು ನಾನು ನೋಡಿಲ್ಲ. ಕೈ ಇಳಿಬಿಟ್ಟರೆ ಮಣಿಕಟ್ಟಿಗೆ ಬಂದು ಬೀಳುತ್ತಿದ್ದವು. ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದರೆ ಅಷ್ಟೂ ಹಸಿರು ಗಾಜು ಗಲಗಲ ಸದ್ದು ಮಾಡುತ್ತ ಮೊಣಕೈವರೆಗೆ ಜಾರುತ್ತಿತ್ತು. ಬಳೆಗಾರ್ತಿ ಎಷ್ಟೇ ಸಣ್ಣ ಅಳತೆಯವನ್ನು ಇಡಿಸಿದರೂ ಅದೇ ಕತೆ. ಆ ಕಡ್ಡಿಯಂಥ ಕೈಯಿಂದಲೇ ಅವಳು ದಿನಾ ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೋಡಿದವರು ಇಷ್ಟು ತೆಳ್ಳಗಿನ ಹೆಂಗಸಿಗೆ ಈ ಬಲ ಎಲ್ಲಿಂದ ಬಂತು ಎಂದು ಬೆರಗಾಗುತ್ತಿದ್ದರು. ಅವಳನ್ನು ಕುರಿತು ಬೆರಗಾಗುವ ಸಂಗತಿ ಅದೊಂದೇ ಎಂದು ನಾನೂ ತುಂಬ ದಿನ ನಂಬಿದ್ದೆ.

ಅವಳು ನನ್ನ ಕಾಕಾನ ಹೆಂಡತಿ. ನನ್ನ ಅವ್ವ ತೀರಿಕೊಂಡಾಗ ನಾನಿನ್ನೂ ಫ್ರಾಕು ಹಾಕುವ ಹುಡುಗಿ. ಮೋರಟಗಿಯ ನಮ್ಮ ದೊಡ್ಡ ಮನೆಯಲ್ಲಿ ಹೆಂಗಸರಿಗೆ ಬರವಿರಲಿಲ್ಲ, ಆದರೆ ಆ ದಿನ ನನ್ನನ್ನು ಎತ್ತಿ ತನ್ನ ಹಾಸಿಗೆಗೆ ಒಯ್ದವಳು ಚಿಗವ್ವ. ಅವಳಿಗೆ ಮಕ್ಕಳಾಗಿರಲಿಲ್ಲ. ಅದನ್ನು ಆಡಿಕೊಳ್ಳಲು ಊರಿಗೆ ಬೇಕಾದಷ್ಟು ಬಿಡುವಿತ್ತು, ಅತ್ತು ಕೂರಲು ಅವಳಿಗೆ ಬಿಡುವಿರಲಿಲ್ಲ. ನಾನು ಆಗ ಎಲುಬಿನ ಹಂದರ. ನನ್ನ ಮೈ ತುಂಬಿಸುವುದನ್ನೇ ಅವಳು ವ್ರತ ಹಿಡಿದಳು. ನಾನು ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ, ಬೆರಳ ಸಂದಿಯಿಂದಲೇ ತುಪ್ಪ ಸುರಿಯುವಳು.

"ಒಲ್ಲೆ ಅನ್ನೂದು ಬಾಯಿ ಬೇ, ಹೊಟ್ಟಿ ಅಲ್ಲ. ನೀಡಾಕ ಹ್ವಾದ ಕೈ ಹಿಂದಕ್ಕ ಬರಬಾರದು."

ಮನೆ ಪಾಲಾದ ಮೇಲೆ ಕಾಕಾ, ಚಿಗವ್ವ ಇಬ್ಬರೂ ಹೊಲದ ಮನೆಗೆ ಬಂದರು. ಆದರೆ ಅವಳ ಕೈ ಪಾಲಾಗಲಿಲ್ಲ. ದೊಡ್ಡ ಮನೆಯಲ್ಲಿದ್ದಾಗ ಎಷ್ಟು ಹಿಟ್ಟು ನಾದುತ್ತಿದ್ದಳೋ ಇಲ್ಲಿಯೂ ಅಷ್ಟೇ. "ಯಾರಾರ ಬಂದ್ರ?" ಎನ್ನುವಳು. ಊರಿಂದ ಅಷ್ಟು ದೂರದ ಹೊಲಕ್ಕೆ ಊಟದ ಹೊತ್ತಿಗೆ ಯಾರು ಬರುತ್ತಾರೆ? ಉಳಿದದ್ದನ್ನು ಎಮ್ಮೆಗಳಿಗೆ ಹಾಕುವಳು. ಅನ್ನ ಪ್ರಸಾದವೆಂದು ತಿಳಿದ ಮನೆ ನಮ್ಮದು. ತಾಟು ತೊಳೆದು ಆ ನೀರನ್ನೂ ಕುಡಿದೇ ಏಳುತ್ತೇವೆ. ಚೆಲ್ಲುವುದೆಂದರೆ ಚಿಗವ್ವನಿಗೆ ದೇವರ ಮೇಲೆ ಕಾಲಿಟ್ಟಷ್ಟು ಭಯ.

ಹೀಗಿದ್ದವಳು ಒಂದು ದಿನ ಎಮ್ಮೆ ಮಾರಿ ಕೋಳಿ ಶೆಡ್ಡು ಹಾಕಿಸಿದಳು! ನಾನು ಸಿಂದಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದ್ದೆ. ಸುದ್ದಿ ಕೇಳಿ ನನ್ನ ಕೈಯಲ್ಲಿದ್ದ ಚಹದ ಕಪ್ಪು ಅಲ್ಲೇ ನಿಂತಿತು. ತತ್ತಿ ಸಹ ಹೊಸ್ತಿಲು ದಾಟದ ಮನೆ ನಮ್ಮದು. ಬಸವನ ಬಾಗೇವಾಡಿಯ ಅವಳ ತವರಿನವರಂತೂ ಕೆಲವು ದಿನ ಅವಳ ಮನೆಯ ನೀರನ್ನೇ ಬಿಟ್ಟರು. ಕಾಕಾ ಕೂಡ ಸಿಟ್ಟಾಗಿದ್ದ. ಆದರೆ ಕೊಟ್ಟಿಗೆ ಕೆಲಸಕ್ಕೆ ಕಾಕಾನ ಮಂಡಿ ಒಗ್ಗುತ್ತಿರಲಿಲ್ಲ, ಕೋಳಿಯಾದರೆ ತಾನೊಬ್ಬಳೇ ನೋಡಿಕೊಳ್ಳಬಲ್ಲೆ ಎಂಬುದು ಅವಳ ಲೆಕ್ಕ.

"ಕೊಲ್ಲೂದು ನನ್ನ ಕೆಲಸ ಅಲ್ಲ. ಸಾಕೂದು ನನ್ನ ಕೆಲಸ. ನನ್ನ ಅಂಗಳದಾಗ ಇರೂತನಕ ಅವು ಮಕ್ಕಳಿದ್ದಂಗ," ಎಂದಳು. ಮಾತು ಮುಗಿಯಿತು.

ಅವಳದೊಂದು ವಿಚಿತ್ರ ನೇಮವಿತ್ತು. ಕೋಳಿ ಒಯ್ಯುವ ಗಾಡಿ ಬಂದ ಸದ್ದು ಕೇಳಿದರೆ ಒಳಗೆ ಹೋಗಿ ಕದ ಹಾಕಿಕೊಂಡು ದೇವರ ಜಗಲಿಯ ಮುಂದೆ ಕೂತುಬಿಡುವಳು. ಗಾಡಿ ರಸ್ತೆ ಮುಟ್ಟಿತೆಂದು ಕಾಕಾ ಕೂಗಿ ಹೇಳಿದ ಮೇಲೆಯೇ ಹೊರಗೆ ಬರುವಳು. ಆ ಕೋಳಿ ಮುಂದೆ ಏನಾಗುತ್ತದೆ, ಅದರ ಒಳಗೆ ಏನಿರುತ್ತದೆ ಎಂಬುದನ್ನು ಅವಳು ನೋಡಿರಲಿಲ್ಲ. ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಕೋಳಿಯ ಒಳ್ಳೆಯದು ಕೆಟ್ಟದ್ದನ್ನು ಪುಕ್ಕದ ಮೇಲಿನಿಂದಷ್ಟೇ ಅಳೆಯುವ ಕೋಳಿಸಾಕಣೆ ಅದು.

ಮೇಲಿನಿಂದ ನೋಡಿದರೆ ಆ ಕೋಳಿಗಳಂಥ ಕೋಳಿಗಳು ಇಡೀ ಸಿಂದಗಿ ತಾಲೂಕಿನಲ್ಲಿ ಇರಲಿಲ್ಲ. ಕುಂಬಳಕಾಯಿಗೆ ಕಾಲು ಬಂದ ಹಾಗೆ ಓಲಾಡುತ್ತಿದ್ದವು. ತಾಳಿಕೋಟೆಯಿಂದ ಬರುವ ಫೀಡಿನ ಜೊತೆಗೆ ಅವಳು ಮಧ್ಯಾಹ್ನ ಉಳಿದ ರೊಟ್ಟಿ ನೆನೆಸಿ ಹಾಕುವಳು. ಸಂಜೆ ಅನ್ನ, ಸಜ್ಜಕ, ಗೋವಿನಜೋಳದ ನುಚ್ಚು. ಬೇಸಿಗೆಯಲ್ಲಿ ಪಾಪ, ದಣಿದಿವೆ ಎಂದು ಬೆಲ್ಲದ ನೀರು. ಕತ್ತಲಲ್ಲಿ ಹೇಗೆ ಉಣ್ಣುತ್ತವೆ ಎಂದು ಬೆಳಗಿನ ತನಕ ದೀಪ. ಒಯ್ಯುವ ದಿನ ಬಂದರೂ "ಇನ್ನಾ ಸಣ್ಣು ಅದಾವ" ಎಂದು ಗಾಡಿಯವನನ್ನು ವಾಪಸು ಕಳಿಸಿ ಮತ್ತಷ್ಟು ದಿನ ಇಟ್ಟುಕೊಳ್ಳುವಳು. ಊರಿನವರು ಬಂದು ನೋಡಿ, "ಕೋಳಿ ಸಾಕಿದ್ರ ಹಿಂಗ ಸಾಕಬೇಕ್ ನೋಡ್ರಿ" ಎಂದು ತಲೆದೂಗಿ ಹೋಗುವರು. ಅದೇ ಸಾಲಿನಲ್ಲಿ ಕಟ್ಟೆಯ ಮೇಲೆ ಕಾಕಾನೂ ಕೂತಿರುತ್ತಿದ್ದ. ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು. ಸಕ್ಕರೆ ಕಾಯಿಲೆ ಶುರುವಾಗಿದೆ, ಊಟ ಕಮ್ಮಿ ಮಾಡಿ ಎಂದು ಇಂಡಿ ಊರಿನ ಡಾಕ್ಟರು ಹೇಳಿದ್ದರು. ಚಿಗವ್ವ ಅದನ್ನು ನಂಬಿರಲಿಲ್ಲ. ಡಾಕ್ಟರನ ಹೆಂಡತಿ ಅವನಿಗೆ ಸರಿಯಾಗಿ ನೀಡುವುದಿಲ್ಲ, ಅದಕ್ಕೇ ಹೀಗೆ ಮಾತಾಡುತ್ತಾನೆ ಎಂಬುದು ಅವಳ ತೀರ್ಪು.

ಆಮೇಲೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಅವಳು ಗೇಟಿನ ಹತ್ತಿರ ನಿಂತಿದ್ದಳು. ಮೋರಟಗಿಯಿಂದ ಒಬ್ಬಳೇ ಬಸ್ಸಿಗೆ ಬಂದಿದ್ದಳು. ಮುಖ ಕಪ್ಪಿಟ್ಟಿತ್ತು.

"ಚಿಕನ್ ಅಂಗಡ್ಯಾವ ನಮ್ಮ ಕೋಳಿ ಬ್ಯಾಡಂತ. ಕೆಟ್ಟ ಮಾಲಂತ. ನನ್ನ ಕೋಳಿಗಿ ಕೆಟ್ಟ ಅಂದಾನ ಬೇ ಅವ!"

ಅವಳ ಕಣ್ಣಲ್ಲಿ ನೀರಿತ್ತು. ಮಗುವನ್ನು ಯಾರೋ ಹೊಡೆದ ಹಾಗೆ ಅವಳು ನೊಂದಿದ್ದಳು. ಫೋನು ಮಾಡಿ ಕೇಳೋಣ ಎಂದೆ. ಕೇಳುವುದಲ್ಲ, ನೋಡುವುದು ಎಂದಳು. ನಾನು ತಡವರಿಸಿದೆ.

"ಚಿಗವ್ವಾ, ಅದು ಕಡಿಯೂ ಅಂಗಡಿ ಬೇ. ನೀ ಅಲ್ಲಿ ನಿಂದ್ರಾಕ ಆಗೂದಿಲ್ಲ. ನಾನೂ ಹೆಂಗ..."

"ನೀ ಹಾಸ್ಟೆಲ್ದಾಗ ಇದ್ದಾಗಿಂದ ತಿಂತಿ ಅಂತ ನನಗ ಗೊತ್ತೈತಿ. ಸುಮ್ನ ನಡಿ."

ನಾನು ರಸ್ತೆಯ ನಡುವೆ ದಂಗಾಗಿ ನಿಂತೆ. ಇಷ್ಟು ವರ್ಷ ಗೊತ್ತಿದ್ದೂ ಒಂದು ಮಾತು ಎತ್ತಿರಲಿಲ್ಲ ಈ ಹೆಂಗಸು! ಅವಳು ಹಿಂತಿರುಗಿ ನೋಡದೆ ಬಜಾರದ ಕಡೆ ನಡೆದಳು. ನಾನು ಬಾಯಿ ಮುಚ್ಚಿಕೊಂಡು ಹಿಂದೆ ಹೋದೆ.

ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ತಲೆ ಮೇಲೆ ಸೆರಗು ಹೊದ್ದ ಹೆಂಗಸು ಬಂದು ನಿಂತದ್ದನ್ನು ನೋಡಿ ಅಂಗಡಿಯವನ ಕತ್ತಿ ಕೈಯಲ್ಲೇ ಉಳಿಯಿತು. ಕೊಳ್ಳಲು ಬಂದಿದ್ದವರು ತಾವಾಗಿ ದಾರಿ ಬಿಟ್ಟರು.

"ಅವ್ವಾರ, ನೀವು ಯಾಕ ಬರಾಕ ಹೋದ್ರಿ? ಹೇಳಿ ಕಳಿಸಿದ್ರ ನಾನ ಬರ್ತಿದ್ನಿ."

"ನನ್ನ ಕೋಳಿಗಿ ಏನಾಗೇತಿ ತೋರಸಪಾ."

"ರೋಗ ಇಲ್ರಿ. ತೂಕಾನೂ ಭರ್ಜರಿ ಐತಿ. ಆದ್ರ ಒಳಗೆಲ್ಲಾ ಚರಬಿ. ಗಿರಾಕಿ ನನ್ನ ಮಾರಿ ಮ್ಯಾಲ ಒಗದು ಹೋಗ್ತಾರ್ರಿ, ಕೊಬ್ಬು ತೂಗಿ ಕೊಟ್ಟಿ ಅಂತ."

"ತೋರಸು," ಎಂದಳು ಮತ್ತೆ.

ಅವನು ನನ್ನ ಮುಖ ನೋಡಿದ. ಆಗಲೇ ಸ್ವಚ್ಛ ಮಾಡಿಟ್ಟಿದ್ದ ಎರಡು ಕೋಳಿ ತಂದು ಹಲಗೆಯ ಮೇಲಿಟ್ಟ. ಒಂದು ಬೇರೆ ಫಾರ್ಮಿನದು, ಒಂದು ನಮ್ಮದು. ಮೊದಲಿನದನ್ನು ಸೀಳಿದ. ಒಳಗೆ ಒಂದು ತೆಳು ಹಳದಿ ಪದರ, ಅಷ್ಟೇ. ಆಮೇಲೆ ನಮ್ಮದನ್ನು ಸೀಳಿದ. ಚಿಕನ್ ತಿನ್ನುವ ನಾನೇ ಹಿಂದೆ ಸರಿದೆ. ಹೊಟ್ಟೆಯೊಳಗೆ ಜಾಗವೇ ಇರಲಿಲ್ಲ. ಹಳದಿ ಮುದ್ದೆ. ಕರುಳ ಮೇಲೆ, ಕಾಳು ಅರೆಯುವ ಕಲ್ಲುಚೀಲದ ಸುತ್ತ, ಚರ್ಮದ ಅಡಿಯಲ್ಲಿ, ಎಲ್ಲೆಲ್ಲೂ ಅದೇ. ಕೆಂಪಗಿರಬೇಕಾದ ಯಕೃತ್ತು ಮಾಸಲು ಬಣ್ಣಕ್ಕೆ ತಿರುಗಿತ್ತು. ಮೂಗು ಮುಚ್ಚಿಕೊಂಡು ಚಿಗವ್ವನನ್ನು ಹಿಡಿಯಲು ಕೈ ಚಾಚಿದೆ. ಅವಳು ಬೀಳುವುದಿರಲಿ, ಕಣ್ಣೂ ಮಿಟುಕಿಸಲಿಲ್ಲ. ಬಲಗೈ ಮುಂದೆ ಚಾಚಿದಳು.

"ಅದನ್ನ ಇಲ್ಲಿಡು."

"ಅವ್ವಾರ..."

"ಇಡಪಾ."

ಅವನು ಆ ಮುದ್ದೆಯನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ. ಲಿಂಗಪೂಜೆ ಮಾಡುವ ಕೈ. ಅಂಗೈಯ ಕಾವಿಗೆ ಆ ಕೊಬ್ಬು ಅಂಚಿನಲ್ಲಿ ಕರಗತೊಡಗಿತು. ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ತೀರ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದಳು:

"ಇದು ನಾ ನೀಡಿದ್ದ ಹೌದಲ್ಲ?"

ನಾನು ಹೂಂ ಎಂದೆ.

"ನಿಮ್ಮ ಕಾಕಾನ ಹೊಟ್ಟ್ಯಾಗೂ ಹಿಂಗ ಇರ್ತೈತೇನು?"

ಪಾಠ ಹೇಳಿ ರೂಢಿಯಾದ ನಾನು ಕಣ್ಣು ತಪ್ಪಿಸಿ ಹಲಗೆಯ ಕಡೆ ನೋಡಿದೆ. ಅಷ್ಟರಲ್ಲೇ ಅವಳಿಗೆ ಉತ್ತರ ಸಿಕ್ಕಿತು. ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ತೊಳೆದೇ ತೊಳೆದಳು. ಜಿಡ್ಡು ಹೋಗಲಿಲ್ಲವೆಂದು ಮೋರಟಗಿಯ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಉದ್ದಕ್ಕೂ ಅಂಗೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಊರು ಹತ್ತಿರ ಬಂದಾಗ, "ನನ್ನ ಕೈಯಾರ ನಾ ನಿಮ್ಮ ಕಾಕಾನ್ನ ಕೊಲ್ಲೂದಿಲ್ಲ ಬೇ," ಎಂದಳು.

ಮರುದಿನ ದನದ ಡಾಕ್ಟರನ್ನು ಕರೆಸಿದಳು. ಚಿಕ್ಕ ವಯಸ್ಸಿನ, ತಾಳ್ಮೆಯ ಮನುಷ್ಯ. ಶೆಡ್ಡಿನ ಬಾಗಿಲಲ್ಲೇ ಕೂತು ಬಿಡಿಸಿ ಹೇಳಿದ. ಕೋಳಿ ತಾನು ಬೆಳೆಯಲು ಎಷ್ಟು ಬೇಕೋ ಅಷ್ಟನ್ನು ಬಳಸಿಕೊಂಡು ಉಳಿದದ್ದನ್ನೆಲ್ಲ ಕೊಬ್ಬು ಮಾಡಿ ಹೊಟ್ಟೆಯಲ್ಲಿಡುತ್ತದೆ. ಫೀಡಿನಲ್ಲಿ ಗೋವಿನಜೋಳಕ್ಕೆ ತಕ್ಕಷ್ಟು ಸೋಯಾ ಹಿಂಡಿ ಹಾಕಿರುತ್ತಾರೆ. ಅದರ ಮೇಲೆ ರೊಟ್ಟಿ, ಅನ್ನ, ಬೆಲ್ಲ ಸುರಿದರೆ ಮಾಂಸ ಕಟ್ಟುವ ಹಿಂಡಿಯ ಪಾಲು ತಗ್ಗಿ ಕೊಬ್ಬಿನ ಪಾಲು ಏರುತ್ತದೆ. ದಿನ ಮೀರಿ ಇಟ್ಟುಕೊಂಡರೆ ಬೆಳೆಯುವುದು ಮಾಂಸಕ್ಕಿಂತ ಹೆಚ್ಚಾಗಿ ಕೊಬ್ಬೇ. ಹುಂಜಕ್ಕಿಂತ ಹ್ಯಾಟೆಗೆ ಬೇಗ ಹತ್ತುತ್ತದೆ. ನಮ್ಮ ಕಡೆಯ ಬಿಸಿಲೂ ಅದಕ್ಕೆ ಸೇರುತ್ತದೆ, ಕೂತಲ್ಲೇ ಕೂತಿರುವುದೂ ಸೇರುತ್ತದೆ. ಚಿಗವ್ವ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಮತ್ತ ಅವು ನನ್ನ ಕಂಡ ಕೂಡ್ಲೆ ಹಸದು ಓಡಿ ಬರ್ತಾವಲ್ಲ ಸಾಹೇಬ್ರ, ಅದು ಸುಳ್ಳೇನ್ರಿ?"

"ಸುಳ್ಳಲ್ರಿ. ಹಸಿವಿ ಖರೇ ಐತಿ. ಈ ತಳಿನ ಹಂಗ, ಲಗೂ ಬೆಳೀಲಿ ಅಂತ ಹಸಿವಿ ಹೆಚ್ಚಿದ್ದುನ್ನ ಆರಿಸಿ ಆರಿಸಿ ಮಾಡ್ಯಾರ. ನೀವು ಎಷ್ಟ ಹಾಕಿದ್ರೂ ಅದು ತೀರೂದಿಲ್ಲ."

ಅವಳು ಬಾಯಿಗೆ ಸೆರಗು ಹಿಡಿದಳು. ತೀರದ ಹಸಿವೆ ಎಂಬುದೊಂದು ಲೋಕದಲ್ಲಿದೆ, ಅದನ್ನು ಬೇಕೆಂದೇ ಮಾಡಿಟ್ಟಿದ್ದಾರೆ ಎಂಬ ಸುದ್ದಿ ಅವಳನ್ನು ಅಂಗಡಿಯ ಹಲಗೆಗಿಂತ ಹೆಚ್ಚು ಬೆದರಿಸಿತು ಎಂದು ನನಗನ್ನಿಸುತ್ತದೆ. ಆ ದಿನವೇ ಕೋಳಿಗೆ ರೊಟ್ಟಿ ನಿಂತಿತು. ಅನ್ನ, ಬೆಲ್ಲದ ನೀರು ನಿಂತವು. ದೀಪಕ್ಕೆ ಹೊತ್ತು ಗೊತ್ತಾಯಿತು. ಗಾಡಿ ಬಂದ ದಿನವೇ ಕೋಳಿ ಹೋಗತೊಡಗಿದವು. ಕೋಳಿಗಳು ಬಾಗಿಲಿಗೆ ಬಂದು ಕೂಗಿದರೆ ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋಗುವಳು.

ಕಾಕಾನಿಗೂ ಅದೇ ಕಾನೂನು. ಎರಡನೇ ಹೋಳಿಗೆ ತಾಟಿಗೆ ಬರುವ ಮೊದಲೇ ಮಾಯ. ತುಪ್ಪದ ಗಿಂಡಿ ಗೋಡೆಯ ಎತ್ತರದ ಮಾಡಕ್ಕೇರಿತು. ರೊಟ್ಟಿ ಲೆಕ್ಕದ್ದು, ಪಲ್ಯ ಬೇಕಾದಷ್ಟು. ಬೆಳಿಗ್ಗೆ ಎದ್ದು ಹೊಲದ ಬದುವಿನ ಮೇಲೆ ನಡೆಯಬೇಕು. ಕಾಕಾ ಕೆರಳಿ ಕೆಂಡವಾದ.

"ನಾ ಏನ್ ನಿನ್ನ ಕೋಳಿ ಏನು?"

"ಕೋಳಿ ಆಗಿದ್ರ ಛಲೋ ಇತ್ತು. ಎದುರುತ್ತರಾ ಕೊಡ್ತಿರಲಿಲ್ಲ."

ಗಂಡನನ್ನು ಉಪವಾಸ ಕೆಡವುತ್ತಾಳೆ ಎಂದು ಊರು ಮಾತಾಡಿಕೊಂಡಿತು. ಬಡಿಸುವುದರಲ್ಲೇ ಹೆಸರು ಮಾಡಿದ್ದವಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನುಂಗಿಕೊಂಡಳು. ನಾನು ಭಾನುವಾರಗಳಂದು ಹೋದಾಗ ಹಿಂದೆ ನಿಂತು ಅವಳಿಗೆ ಸಾಥ್ ಕೊಡುತ್ತಿದ್ದೆ. "ನೀಡಬ್ಯಾಡ ಚಿಗವ್ವಾ, ಅವ್ರು ಬೇಡಿದ್ರೂ ನೀಡಬ್ಯಾಡ," ಎಂದು ಜೋರು ಮಾಡುತ್ತಿದ್ದೆ. ಕಾಕಾನ ಹೊಟ್ಟೆ ನಿಧಾನಕ್ಕೆ ಇಳಿಯಿತು. ಮಂಡಿ ನೋವು ತಗ್ಗಿತು. ಇಂಡಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಏನು ಮಾಡಿದಿರಿ ಎಂದು ಕುರ್ಚಿಯಿಂದೆದ್ದು ಬಂದು ಕೇಳಿದರಂತೆ. ಸಿಂದಗಿಯ ಅಂಗಡಿಯವ, "ಮೋರಟಗಿ ಅವ್ವಾರ ಮಾಲ್ ಐತೇನು?" ಎಂದು ತಾನಾಗಿ ಕೇಳತೊಡಗಿದ. ಚಿಗವ್ವ ಗೆದ್ದಳು ಎಂದು ನಾನು ಮುದ್ದೇಬಿಹಾಳದ ನನ್ನ ಸೋದರತ್ತೆಯ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಹೋದ ಬೇಸಿಗೆಯಲ್ಲಿ ಕಾಕಾನ ಫೋನು ಬಂತು. ಚಿಗವ್ವ ಶೆಡ್ಡಿನೊಳಗೆ ನೀರಿನ ಡಬ್ಬಿ ತುಂಬುತ್ತ ಕುಸಿದು ಬಿದ್ದಿದ್ದಳು. ಬಿಸಿಲು ಬಡಿದಿದೆ ಎಂದುಕೊಂಡೆವು. ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನೂ ಕಾಕಾನನ್ನೂ ಪಕ್ಕಕ್ಕೆ ಕರೆದಳು.

"ಹಾರ್ಟ್ ಅಟ್ಯಾಕ್ ಆಗೇದ. ರಕ್ತನಾಳ ಕಟ್ಟ್ಯಾವ. ಲಿವರ್ ತುಂಬ ಕೊಬ್ಬು. ಸಕ್ಕರಿ ಎಷ್ಟ ವರ್ಷದಿಂದ ಐತೋ ದೇವರಿಗೇ ಗೊತ್ತು, ಒಂದ್ಸಲಾನೂ ತೋರಿಸಿಲ್ಲೇನ್ರಿ?"

ಬೇರೆ ಯಾರದೋ ಕಾಗದ ಡಾಕ್ಟರಮ್ಮನ ಕೈಗೆ ಬಂದಿದೆ ಎಂದೇ ನಾನು ತಿಳಿದೆ.

"ಡಾಕ್ಟರ್ರೀ, ಅವರು ಕಡ್ಡಿ ಇದ್ದಂಗ ಅದಾರ. ನೀವ ನೋಡ್ರಿ."

"ಕೈಕಾಲು ನೋಡಿದ್ರ ಗೊತ್ತಾಗೂದಿಲ್ರಿ. ಹೊಟ್ಟೀ ಒಳಗ ಕುಂತಿರ್ತದ. ಇವರು ದಿನಾ ಏನ್ ಉಣ್ತಿದ್ರು?"

ನಾನು ಕಾಕಾನ ಮುಖ ನೋಡಿದೆ. ಕಾಕಾ ನನ್ನ ಮುಖ ನೋಡಿದ. ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಏನು ಉಣ್ಣುತ್ತಿದ್ದಳು? ಎಲ್ಲರಿಗೂ ನೀಡಿದ ಮೇಲೆ, ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಅಷ್ಟು ಗೊತ್ತು. ನಾನು ಅವಳ ಕೈತುತ್ತು ತಿಂದು ಬೆಳೆದವಳು. ಕಾಕಾ ಅವಳ ಜೊತೆ ಒಂದು ಜೀವಮಾನ ಬಾಳಿದವನು. ಅವಳ ತಾಟಿನಲ್ಲಿ ಏನಿರುತ್ತಿತ್ತು ಎಂದು ಇಬ್ಬರಲ್ಲಿ ಒಬ್ಬರೂ ಬಗ್ಗಿ ನೋಡಿರಲಿಲ್ಲ. ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಲೇ ಇದ್ದಳು.

ಸಂಜೆ ಎಚ್ಚರವಾದಾಗ ನಾನು ಅವಳನ್ನೇ ಕೇಳಿದೆ. ಕೇಳುವಾಗ ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

"ಏನ್ ತಿಂತಿದ್ದಿ ಚಿಗವ್ವಾ ನೀ? ಖರೇ ಹೇಳು."

"ಉಳದದ್ದು," ಎಂದಳು.

"ಎಲ್ಲಾನೂ?"

"ಮತ್ತ? ಎಮ್ಮಿ ಇಲ್ಲ. ಕೋಳಿಗಿ ಹಾಕಬ್ಯಾಡ ಅಂದ್ರಿ. ಅವ್ರಿಗಿ ನೀಡಬ್ಯಾಡ ಅಂದ್ರಿ. ಪ್ರಸಾದ ತಿಪ್ಪಿಗಿ ಚೆಲ್ಲಲೇನು ಬೇ?"

ಕಾಕಾನ ತಾಟಿನಿಂದ ಹಿಂದೆ ಹೋದ ಹೋಳಿಗೆ, ಕೋಳಿಗಳಿಂದ ಉಳಿಸಿದ ಅನ್ನ, ಬೆಲ್ಲ ಹಾಕಿದ ಸಜ್ಜಕ, ಬುಟ್ಟಿಯ ತಳದ ಅಷ್ಟೂ ರೊಟ್ಟಿ. ನಾವೆಲ್ಲ ಬೇಡವೆಂದು ತಳ್ಳಿದ್ದು ಈ ಸಣ್ಣ ಜೀವದ ಒಳಗೆ ಹೋಗಿ ಕೂತಿತ್ತು. ಹೊಟ್ಟೆ ತುಂಬಿದ ಮೇಲೂ ತಿಂದಿದ್ದಳು, ವಾಕರಿಕೆ ಬಂದರೂ ನೀರು ಕುಡಿದು ನುಂಗಿದ್ದಳು. ಅದನ್ನೂ ಅವಳೇ ಹೇಳಿದಳು, ಯಾವ ದೂರೂ ಇಲ್ಲದೆ.

"ಕಮ್ಮಿ ಹಿಟ್ಟು ನಾದಬಾರದಿತ್ತೇನು?" ಎಂದೆ.

"ಒಂದೆರಡ ಸಲ ಕಮ್ಮಿ ತಗೊಂಡ್ನಿ. ಮನ್ಯಾಗ ಯಾರೋ ಸತ್ತಂಗ ಆತು. ಕೈ ಬರಲಿಲ್ಲ."

ಮರುದಿನ ಬೆಳಿಗ್ಗೆ ಅವಳು ಹೋದಳು. ಹೋಗುವ ಮೊದಲು ಕಾಕಾನಿಗೆ ಗುಳಿಗೆ ಕೊಟ್ಟಿರಾ ಎಂದು ನರ್ಸನ್ನು ಕೇಳಿದಳಂತೆ. ರೋಗಿ ಯಾರೆಂದು ಆ ಹುಡುಗಿಗೆ ಗೊಂದಲವಾಯಿತಂತೆ.

ಹೊಲದಲ್ಲೇ ಮಣ್ಣು ಮಾಡಿದೆವು. ಬಾಗೇವಾಡಿಯವರು ಬಂದರು, ಅತ್ತರು, ಅವಳ ಮನೆಯ ನೀರು ಕುಡಿದು ಹೋದರು. ಕಾರ್ಯ ಮುಗಿದು ಮಂದಿ ಚದುರಿದ ಮೇಲೆ ನಾನು, ಕಾಕಾ ಇಬ್ಬರೇ ಉಳಿದೆವು. ಮಧ್ಯಾಹ್ನ ಇಬ್ಬರಿಗೆ ಸಾಕಾಗುವಷ್ಟೇ ಹಿಟ್ಟು ತೆಗೆದುಕೊಂಡೆ. ಹಿಟ್ಟು ನಾದುವ ಪರಾತದಲ್ಲಿ ಅದು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಮನೆಯಲ್ಲಿ ಯಾರೋ ಸತ್ತ ಹಾಗಾಯಿತು ಎಂದು ಅವಳು ಹೇಳಿದ್ದು ಏನೆಂದು ಆಗ ತಿಳಿಯಿತು. ರೊಟ್ಟಿ ಬಡಿದೆ, ಪಲ್ಯ ಮಾಡಿದೆ, ಕಾಕಾನಿಗೆ ತಾಟು ಹಚ್ಚಿ ಇಟ್ಟು, ಗೋಡೆಗೆ ಒರಗಿ ನಿಂತೆ.

ಕಾಕಾ ತಾಟಿಗೆ ಕೈ ಹಚ್ಚಲಿಲ್ಲ.

"ನೀನೂ ನೀಡ್ಕೊ," ಎಂದ.

"ನೀವು ಉಣ್ರಿ ಕಾಕಾ. ನಾ ಆಮ್ಯಾಲ ಉಣ್ತೇನಿ."

ಅವನು ತನ್ನ ತಾಟನ್ನು ಪಕ್ಕಕ್ಕೆ ಸರಿಸಿದ. ಎದ್ದು, ಕಪಾಟಿನಿಂದ ಇನ್ನೊಂದು ತಾಟು ತಂದು ನೆಲದ ಮೇಲೆ ತನ್ನೆದುರಿಗೆ ಇಟ್ಟ. ಅದರಲ್ಲಿ ತಾನೇ ರೊಟ್ಟಿ ಹಾಕಿದ, ಪಲ್ಯ ಹಾಕಿದ. ಆ ಮನೆಯಲ್ಲಿ ಗಂಡಸೊಬ್ಬ ನೀಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇಲ್ಲಿ ಕುಂಡ್ರು ಯವ್ವಾ, ನನ್ನ ಮುಂದ," ಎಂದ. "ಉಣ್ಣು. ನಾ ನೋಡ್ತೇನಿ."